ಪಾರಾಚಿನಾರ್: ಒಂದೇ ರಸ್ತೆಯನ್ನು ನಂಬಿದ ಊರು

2024ರ ನವೆಂಬರ್ 21. ಪಾಕಿಸ್ತಾನದ ಕುರ್ರಮ್ ಜಿಲ್ಲೆಯಲ್ಲಿ ಸುಮಾರು 200 ವಾಹನಗಳು ಪೊಲೀಸ್ ಕಾವಲಿನಲ್ಲಿ ಸಾಗುತ್ತಿದ್ದವು. ಒಂದು ಸಾಲು ಪೆಶಾವರದ ಕಡೆಯಿಂದ ಪಾರಾಚಿನಾರಿಗೆ, ಇನ್ನೊಂದು ಪಾರಾಚಿನಾರಿನಿಂದ ಕೆಳಕ್ಕೆ. ದಾರಿಯಲ್ಲಿ ಅವುಗಳ ಮೇಲೆ ಗುಂಡಿನ ಮಳೆ ಸುರಿಯಿತು. ಹೆಂಗಸರು, ಮಕ್ಕಳು ಸೇರಿ 40ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಶಿಯಾಗಳು. ಅದರ ಸೇಡಿಗೆ ಬಗನ್ ಎಂಬ ಸುನ್ನಿ ಊರಿನ ಪೇಟೆ, ಮನೆಗಳು ಉರಿದವು.

ನಮ್ಮ ಪತ್ರಿಕೆಗಳ ವಿದೇಶ ಪುಟದಲ್ಲಿ ಇಂಥದ್ದು ‘ಶಿಯಾ–ಸುನ್ನಿ ಘರ್ಷಣೆ’ ಎಂಬ ತಲೆಬರಹದಡಿ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಎರಡು ಪಂಗಡ, ಸಾವಿರದ ನಾನೂರು ವರ್ಷದ ಹಗೆ, ಇನ್ನೇನು ಎಂದುಕೊಂಡು ನಾವೂ ಪುಟ ತಿರುವುತ್ತೇವೆ. ಆದರೆ ಅದೇ ಚಳಿಗಾಲದಲ್ಲಿ ಆ ಊರಿನ ಶಾಲೆಗಳು ಪೆಟ್ರೋಲಿಲ್ಲದೆ ಮುಚ್ಚಿದ್ದವು. ಆಸ್ಪತ್ರೆಗೆ ಔಷಧಿ ಹೆಲಿಕಾಪ್ಟರಿನಲ್ಲಿ ಬರಬೇಕಾಗಿತ್ತು. ಧರ್ಮದ ಜಗಳಕ್ಕೂ ಪೆಟ್ರೋಲಿಗೂ ಏನು ಸಂಬಂಧ? ಇದು ತಿಳಿಯಬೇಕಾದರೆ ಮೊದಲು ನಕ್ಷೆ ನೋಡಬೇಕು.

ಗಿಳಿಯ ಕೊಕ್ಕು

ಪಾಕಿಸ್ತಾನದ ನಕ್ಷೆಯಲ್ಲಿ ವಾಯವ್ಯ ಗಡಿಯ ಮೇಲೆ ಬೆರಳಾಡಿಸಿದರೆ ಒಂದು ಕಡೆ ಅದು ಚೂಪಾಗಿ ಅಫ್ಘಾನಿಸ್ತಾನದ ಒಳಕ್ಕೆ ಚಾಚಿಕೊಂಡಿರುವುದು ಕಾಣುತ್ತದೆ. ಸೈನ್ಯದವರು ಅದನ್ನು ಗಿಳಿಯ ಕೊಕ್ಕು ಎಂದು ಕರೆದರು. ಅದೇ ಕುರ್ರಮ್. ಉತ್ತರಕ್ಕೆ ಅಫ್ಘಾನಿಸ್ತಾನದ ನಂಗರ್‌ಹಾರ್, ಪಶ್ಚಿಮಕ್ಕೆ ಪಕ್ತಿಯಾ, ದಕ್ಷಿಣಕ್ಕೆ ಖೋಸ್ತ್ ಪ್ರಾಂತಗಳು. ಮೂರು ಕಡೆ ಬೇರೆ ದೇಶ, ಒಂದು ಕಡೆ ಮಾತ್ರ ಸ್ವದೇಶ. ಪಾರಾಚಿನಾರಿನಿಂದ ನೇರ ಗೆರೆ ಎಳೆದರೆ ಕಾಬೂಲ್ ಸುಮಾರು 110 ಕಿಲೋಮೀಟರ್. ತನ್ನದೇ ಪ್ರಾಂತದ ರಾಜಧಾನಿ ಪೆಶಾವರ ಅದಕ್ಕಿಂತ ದೂರ.

ಕಣಿವೆಯ ಉತ್ತರಕ್ಕೆ ಗೋಡೆಯಂತೆ ನಿಂತಿರುವುದು ಸ್ಪಿನ್ ಘರ್ ಪರ್ವತ ಸಾಲು. ಪಶ್ತೋ ಭಾಷೆಯಲ್ಲಿ ಸ್ಪಿನ್ ಎಂದರೆ ಬಿಳಿ, ಘರ್ ಎಂದರೆ ಬೆಟ್ಟ. ನಮ್ಮ ಮಾತಿನಲ್ಲಿ ಬಿಳಿಗಿರಿ. ಅದರ ಶಿಖರ ಸಿಕಾರಾಮ್ 4,700 ಮೀಟರ್ ದಾಟುತ್ತದೆ. ಅಲ್ಲಿಂದ ಕರಗಿ ಬರುವ ಹಿಮದ ನೀರು, ಅಫ್ಘಾನಿಸ್ತಾನದಿಂದ ಇಳಿದು ಬರುವ ಕುರ್ರಮ್ ನದಿ, ಈ ಎರಡರ ದಯೆಯಿಂದ ಕಣಿವೆಯಲ್ಲಿ ಭತ್ತ, ಅಕ್ರೋಟು, ಸೇಬು ಬೆಳೆಯುತ್ತವೆ. ನದಿಯ ಹೆಸರು ನಮಗೂ ಹೊಸದಲ್ಲ. ಋಗ್ವೇದದ ನದೀಸೂಕ್ತದಲ್ಲಿ ಬರುವ ‘ಕ್ರುಮು’ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಪಾರಾಚಿನಾರ್ ಈ ಜಿಲ್ಲೆಯ ಕೇಂದ್ರ. ಹೆಸರಿನೊಳಗಿನ ‘ಚಿನಾರ್’ ಕಾಶ್ಮೀರದ ಚಿತ್ರಗಳಲ್ಲಿ ಕಾಣುವ ಆ ದೊಡ್ಡ ಮರ. ಊರು ಸಮುದ್ರಮಟ್ಟದಿಂದ 1,700 ಮೀಟರ್ ಎತ್ತರದಲ್ಲಿದೆ, ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಇಡೀ ಜಿಲ್ಲೆಯ ಜನಸಂಖ್ಯೆ 2023ರ ಜನಗಣತಿಯಂತೆ ಏಳೂವರೆ ಲಕ್ಷ ಮೀರಿದೆ.

ಯಾರು ಎಲ್ಲಿ ವಾಸ

ಶಿಯಾ–ಸುನ್ನಿ ಎಂದರೇನು ಎಂಬುದನ್ನು ಚಿಕ್ಕದಾಗಿ ಹೇಳಿಬಿಡೋಣ. ಪ್ರವಾದಿ ಮುಹಮ್ಮದರು 632ರಲ್ಲಿ ತೀರಿಕೊಂಡ ಮೇಲೆ ಸಮುದಾಯದ ನಾಯಕತ್ವ ಯಾರಿಗೆ ಎಂಬ ಪ್ರಶ್ನೆ ಎದ್ದಿತು. ಅದು ಪ್ರವಾದಿಯ ಅಳಿಯ ಅಲಿ ಮತ್ತು ಅವರ ವಂಶಕ್ಕೆ ಸೇರಬೇಕಿತ್ತು ಎಂದವರ ಪರಂಪರೆ ಶಿಯಾ. ಸಮುದಾಯದ ಹಿರಿಯರು ಆರಿಸಿದ ಖಲೀಫರನ್ನು ಒಪ್ಪಿದವರ ಪರಂಪರೆ ಸುನ್ನಿ. 680ರಲ್ಲಿ ಅಲಿಯ ಮಗ ಹುಸೇನ್ ಕರ್ಬಲಾದಲ್ಲಿ ಹತರಾದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಲಾಯಿ ಕುಣಿ ತೆಗೆದು, ಹೆಜ್ಜೆ ಹಾಕಿ, ರಿವಾಯತ್ ಪದ ಹಾಡುವುದು ಇದೇ ಕರ್ಬಲಾದ ನೆನಪಿಗೆ. ಅಲ್ಲಿ ಹಾಡುವವರು ಹಿಂದೂಗಳೂ ಹೌದು, ಸುನ್ನಿಗಳೂ ಹೌದು. ಅಂದರೆ ಕರ್ಬಲಾದ ಕಥೆ ತಾನಾಗಿಯೇ ಜಗಳ ಹುಟ್ಟಿಸುವುದಿಲ್ಲ.

ಪಾಕಿಸ್ತಾನದಲ್ಲಿ ಸುನ್ನಿಗಳೇ ಬಹುಸಂಖ್ಯಾತರು. ಶಿಯಾಗಳು ಶೇ 10ರಿಂದ 20ರ ನಡುವೆ ಎಂಬುದು ಅಂದಾಜು. ಕುರ್ರಮ್‌ನಲ್ಲಿ ಈ ಲೆಕ್ಕ ಬದಲಾಗುತ್ತದೆ. ಜಿಲ್ಲೆಯನ್ನು ಮೇಲ್ ಕುರ್ರಮ್, ಕೆಳ ಕುರ್ರಮ್, ಮಧ್ಯ ಕುರ್ರಮ್ ಎಂದು ಮೂರಾಗಿ ನೋಡುತ್ತಾರೆ. ಪಾರಾಚಿನಾರ್ ಇರುವ ಮೇಲ್ ಕುರ್ರಮ್‌ನಲ್ಲಿ ಶಿಯಾಗಳು ಹೆಚ್ಚು. ಕೆಳಗೆ ಮತ್ತು ಮಧ್ಯದಲ್ಲಿ ಸುನ್ನಿಗಳು ಹೆಚ್ಚು.

ಬಹುತೇಕ ಎಲ್ಲರೂ ಪಶ್ತೂನರೇ, ಆಡುವ ಮಾತು ಪಶ್ತೋ. ತೂರಿ ಎಂಬ ಬುಡಕಟ್ಟು ಬಹುತೇಕ ಪೂರ್ತಿ ಶಿಯಾ, ಪಶ್ತೂನರಲ್ಲಿ ಇದು ಅಪರೂಪ. ಮಂಗಲ್, ಮುಕ್ಬಿಲ್, ಪಾರಾ ಚಮ್ಕನಿ ಮುಂತಾದವರು ಸುನ್ನಿಗಳು. ಬಂಗಶ್ ಬುಡಕಟ್ಟು ಮಾತ್ರ ಎರಡೂ ಕಡೆ ಹಂಚಿಹೋಗಿದೆ. ಒಂದೇ ಮೂಲಪುರುಷನ ಹೆಸರು ಹೇಳುವ ಜನ, ಕೆಲವರು ಶಿಯಾ, ಕೆಲವರು ಸುನ್ನಿ. ‘ಬುಡಕಟ್ಟು ಜಗಳವೋ ಪಂಗಡದ ಜಗಳವೋ’ ಎಂದು ಪತ್ರಿಕೆಗಳು ಗೊಂದಲಕ್ಕೆ ಬೀಳುವುದು ಇದರಿಂದಲೇ. ಬಹಳ ಕಡೆ ಎರಡೂ ಗೆರೆಗಳು ಒಂದರ ಮೇಲೊಂದು ಕೂತಿವೆ.

ಶಾಮಿಲಾತ್: ಎಲ್ಲರದೂ ಹೌದು, ಯಾರದೂ ಅಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. 2024ರ ಜುಲೈ ಕೊನೆಯಲ್ಲಿ ಕುರ್ರಮ್‌ನಲ್ಲಿ ದಿನಗಟ್ಟಲೆ ಕಾಳಗ ನಡೆದು ಹತ್ತಾರು ಜನ ಸತ್ತರು. ಕಾರಣ ಯಾವುದೋ ಧಾರ್ಮಿಕ ಘೋಷಣೆಯಲ್ಲ. ಬೋಶಹ್ರಾ ಎಂಬ ಸುನ್ನಿ ಹಳ್ಳಿಗೂ ಪಕ್ಕದ ಮಾಲಿಖೇಲ್ ಶಿಯಾಗಳಿಗೂ ಒಂದು ತುಂಡು ಜಮೀನಿನ ತಕರಾರು. ಹಿಂದಿನ ವರ್ಷದ ಜುಲೈನಲ್ಲೂ ಅದೇ ಜಮೀನಿಗೆ ಗುಂಡು ಹಾರಿತ್ತು.

ಅಲ್ಲಿ ‘ಶಾಮಿಲಾತ್’ ಎಂಬ ಮಾತಿದೆ. ಕನ್ನಡದ ‘ಶಾಮೀಲು’ ಪದದ ದಾಯಾದಿ. ಊರಿಗೆ ಸೇರಿದ ಗುಡ್ಡ, ಹುಲ್ಲುಗಾವಲು, ಸೌದೆಯ ಕಾಡು, ಹೊಳೆದಂಡೆಯ ಬಂಜರು, ಇವೆಲ್ಲ ಒಬ್ಬರ ಹೆಸರಿನಲ್ಲಿಲ್ಲದೆ ಊರಿನವರೆಲ್ಲ ಶಾಮೀಲಾಗಿ ಅನುಭವಿಸುವ ಭೂಮಿ. ನಮ್ಮಲ್ಲಿ ಗೋಮಾಳ, ಕುಮ್ಕಿ, ಬಾಣೆ ಜಾಗಗಳ ಬಗ್ಗೆ ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದರ ತೊಡಕು ಬಿಡಿಸಿ ಹೇಳಬೇಕಿಲ್ಲ. ಹುಲ್ಲು ಮಾತ್ರ ಬೆಳೆಯುತ್ತಿದ್ದ ಕಾಲದಲ್ಲಿ ಗಡಿ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಜನ ಹೆಚ್ಚಿ, ಮನೆ ಏಳಬೇಕಾದಾಗ, ಬೆಲೆ ಬಂದಾಗ ಅಳತೆಯ ಸರಪಳಿ ಹೊರಬರುತ್ತದೆ.

ಕುರ್ರಮ್‌ನಲ್ಲಿ ದಾಖಲೆಗಳೇ ಇಲ್ಲವೆಂದಲ್ಲ. ಪಾಕಿಸ್ತಾನದ ಹಳೆಯ ಬುಡಕಟ್ಟು ಪ್ರದೇಶಗಳಲ್ಲಿ ಭೂದಾಖಲೆ ಇರುವುದೇ ಅಪರೂಪ, ಕುರ್ರಮ್ ಅದಕ್ಕೆ ಅಪವಾದ. ಬ್ರಿಟಿಷರು 20ನೇ ಶತಮಾನದ ಆರಂಭದಲ್ಲಿ ಒಮ್ಮೆ, 1940ರ ದಶಕದಲ್ಲಿ ಮತ್ತೊಮ್ಮೆ ಇಲ್ಲಿ ಕಂದಾಯ ನಿಗದಿ ಮಾಡಿದರು. ಆ ಕಡತಗಳಿಗೆ ‘ಕಾಗಜಾತ್-ಎ-ಮಾಲ್’ ಎನ್ನುತ್ತಾರೆ, ನಮ್ಮ ಪಹಣಿ ಇದ್ದಂತೆ. ತೊಂದರೆ ಏನೆಂದರೆ ಒಂದು ಕಡೆಯವರು ಕಡತ ತೋರಿಸುತ್ತಾರೆ, ಇನ್ನೊಂದು ಕಡೆಯವರು ತಲೆಮಾರಿನಿಂದ ಉತ್ತು ಬಂದ ಅನುಭವ ತೋರಿಸುತ್ತಾರೆ. ಬೆಟ್ಟದ ಇಳಿಜಾರಿನ ಗಡಿ ಕಡತದಲ್ಲಿ ಎಷ್ಟು ಸ್ಪಷ್ಟವಾಗಿ ಬರೆದಿದೆ ಎಂಬುದೇ ಇನ್ನೊಂದು ವ್ಯಾಜ್ಯ.

ಇದಕ್ಕೆ ನೀರನ್ನೂ ಸೇರಿಸಿ. ಬೆಟ್ಟದಿಂದ ಬರುವ ತೊರೆಯ ಮೇಲ್ತಲೆಯಲ್ಲಿ ಒಂದು ಬುಡಕಟ್ಟು, ಕೊನೆಭಾಗದಲ್ಲಿ ಇನ್ನೊಂದು. ಮೇಲಿನವರು ಕಾಲುವೆಗೆ ಕೈ ಹಾಕಿದರೆ ಕೆಳಗಿನವರ ಗದ್ದೆ ಒಣಗುತ್ತದೆ. ಕಾವೇರಿ ಕೊಳ್ಳದ ರೈತನಿಗೂ ತುಂಗಭದ್ರಾ ಎಡದಂಡೆಯ ಕೊನೆಭಾಗದ ರೈತನಿಗೂ ಈ ಸಂಕಟ ಗೊತ್ತು. ವ್ಯತ್ಯಾಸ ಏನೆಂದರೆ ಕುರ್ರಮ್‌ನಲ್ಲಿ ಮೇಲಿನವನೂ ಕೆಳಗಿನವನೂ ಬೇರೆ ಬೇರೆ ಪಂಗಡದವರು, ಮತ್ತು ಇಬ್ಬರ ಮನೆಯಲ್ಲೂ ಬಂದೂಕಿದೆ.

ಹೊಲದ ಜಗಳಕ್ಕೆ ಪಂಗಡದ ಬಾವುಟ ಹೇಗೆ ಬಂತು

1878ರ ಡಿಸೆಂಬರಿನಲ್ಲಿ ಎರಡನೇ ಆಂಗ್ಲೋ–ಅಫ್ಘಾನ್ ಯುದ್ಧದ ವೇಳೆ ಜನರಲ್ ರಾಬರ್ಟ್ಸ್‌ನ ಪಡೆ ಇದೇ ಕಣಿವೆಯ ಪೇವಾರ್ ಕೋತಲ್ ಕಣಿವೆಮಾರ್ಗದಲ್ಲಿ ಅಫ್ಘನ್ನರನ್ನು ಸೋಲಿಸಿತು. ಕಾಬೂಲಿನ ಅಮೀರರ ಆಳ್ವಿಕೆಗಿಂತ ಬ್ರಿಟಿಷರೇ ವಾಸಿ ಎಂದು ತೂರಿಗಳು ಅವರತ್ತ ವಾಲಿದರು. 1892ರ ಸುಮಾರಿಗೆ ಕಣಿವೆ ಬ್ರಿಟಿಷ್ ಆಡಳಿತಕ್ಕೆ ಬಂತು. ಮರುವರ್ಷ ಡ್ಯೂರಾಂಡ್ ಗೆರೆ ಬಿದ್ದು ಬುಡಕಟ್ಟುಗಳ ನಡುವೆಯೇ ಅಂತರರಾಷ್ಟ್ರೀಯ ಗಡಿ ಹಾದುಹೋಯಿತು. ಚಿಕ್ಕಪುಟ್ಟ ಕಾಳಗಗಳು ಆಗಲೂ ಇದ್ದವು, ಆದರೆ ಅವು ಬೇಗ ಹತ್ತಿ ಬೇಗ ಆರುತ್ತಿದ್ದವು.

ಬೆಂಕಿಗೆ ತುಪ್ಪ ಬಿದ್ದದ್ದು 1979ರಲ್ಲಿ. ಒಂದೇ ವರ್ಷದಲ್ಲಿ ಎರಡು ಘಟನೆ: ಇರಾನಿನಲ್ಲಿ ಶಿಯಾ ಧರ್ಮಗುರುಗಳ ಕ್ರಾಂತಿ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ. ಪಾಕಿಸ್ತಾನವನ್ನು ಆಗ ಆಳುತ್ತಿದ್ದವರು ಜನರಲ್ ಜಿಯಾ ಉಲ್ ಹಕ್. ಸುನ್ನಿ ಕಟ್ಟಳೆಯಂತೆ ಕಾನೂನು ತರಲು ಅವರು ಹೊರಟಾಗ ಶಿಯಾಗಳು 1980ರಲ್ಲಿ ಇಸ್ಲಾಮಾಬಾದಿನ ಬೀದಿಗೆ ಬಂದು ವಿರೋಧಿಸಿದರು. ಆ ಹೋರಾಟದ ಮುಂದಿನ ನಾಯಕ ಅಲ್ಲಾಮಾ ಆರಿಫ್ ಹುಸೇನ್ ಅಲ್ ಹುಸೇನಿ ಪಾರಾಚಿನಾರ್ ಬಳಿಯ ಪೇವಾರ್ ಗ್ರಾಮದವರು. 1988ರ ಆಗಸ್ಟಿನಲ್ಲಿ ಪೆಶಾವರದಲ್ಲಿ ಅವರ ಕೊಲೆಯಾಯಿತು.

ಇತ್ತ ಸೋವಿಯತ್ ವಿರುದ್ಧ ಹೋರಾಡುವ ಮುಜಾಹಿದೀನ್ ಪಡೆಗಳಿಗೆ ಅಫ್ಘಾನಿಸ್ತಾನದೊಳಗೆ ನುಗ್ಗಲು ಗಿಳಿಯ ಕೊಕ್ಕಿಗಿಂತ ಒಳ್ಳೆಯ ದಾರಿ ಇರಲಿಲ್ಲ. ಗಡಿಯ ತೇರಿ ಮಂಗಲ್ ಗ್ರಾಮ ಶಸ್ತ್ರಾಸ್ತ್ರ ಸಾಗಣೆಯ ನೆಲೆಯಾಯಿತು. ಲಕ್ಷಾಂತರ ನಿರಾಶ್ರಿತರು ಬಂದರು, ಬಹುತೇಕ ಎಲ್ಲರೂ ಸುನ್ನಿಗಳು. ತಮ್ಮ ನೆಲದ ಮೇಲೆ ಈ ಓಡಾಟ ಬೇಡವೆಂದು ತೂರಿಗಳು ಅಡ್ಡ ನಿಂತರು. 1980ರ ದಶಕದ ನಡುವಿನ ದೊಡ್ಡ ಕಾಳಗಗಳು ಈ ಹಿನ್ನೆಲೆಯವು. ಅದೇ ದಶಕದ ಆರಂಭದಲ್ಲಿ ಕೆಳ ಕುರ್ರಮ್‌ನ ಸದ್ದಾ ಪೇಟೆಯಿಂದ ಶಿಯಾ ಕುಟುಂಬಗಳು ಊರು ಬಿಟ್ಟಿದ್ದವು. ಮುಂದೆ ಪಾರಾಚಿನಾರಿನಿಂದ ಸುನ್ನಿ ಕುಟುಂಬಗಳು ಹೊರಟವು. ಯುದ್ಧ ಮುಗಿದ ಮೇಲೆ ಉಳಿದದ್ದು ಎರಡು: ಮನೆಮನೆಗೂ ಸೇರಿದ ಭಾರಿ ಆಯುಧಗಳು, ಮತ್ತು ಊರಾಚೆಯ ನಂಟಸ್ತನಗಳು. ಮೊದಲು ಹೊಲದ ಜಗಳಕ್ಕೆ ನೆರವಿಗೆ ಬರುತ್ತಿದ್ದವರು ಅಣ್ಣತಮ್ಮಂದಿರು, ಮಾವ ಭಾವಂದಿರು. ಈಗ ಬರುವವರು ದೂರದ ಸಂಘಟನೆಗಳವರು. 2007ರ ನಂತರ ತಾಲಿಬಾನಿಗಳು ಸುನ್ನಿಗಳ ಕಡೆಯಿಂದ ಕಣಕ್ಕಿಳಿದರು. ಕಣಿವೆಯ ಕೆಲವು ಶಿಯಾ ಯುವಕರು ಸಿರಿಯಾದಲ್ಲಿ ಇರಾನ್ ಬೆಂಬಲದ ಜೈನಬಿಯೂನ್ ಪಡೆಯಲ್ಲಿ ಹೋರಾಡಿ ಬಂದರೆಂಬ ಆರೋಪವಿದೆ. ಪಾಕಿಸ್ತಾನ ಆ ಪಡೆಯನ್ನು 2024ರಲ್ಲಿ ನಿಷೇಧಿಸಿತು.

ರಸ್ತೆಯೇ ಆಯುಧ

ಪಾರಾಚಿನಾರಿನಿಂದ ಉಳಿದ ಪಾಕಿಸ್ತಾನಕ್ಕೆ ಇರುವುದು ಒಂದೇ ಮುಖ್ಯ ರಸ್ತೆ. ಅದು ನದಿಯ ಜೊತೆಜೊತೆಗೇ ಇಳಿದು ಸದ್ದಾ, ಬಗನ್, ಮಂದೂರಿ, ಛಪ್ರಿ ದಾಟಿ ಥಲ್ ಪಟ್ಟಣ ಸೇರುತ್ತದೆ. ನೂರು ಕಿಲೋಮೀಟರಿಗಿಂತ ಕಡಿಮೆ ದೂರ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ನಮಗೆ ಚಾರ್ಮಾಡಿ ಇದೆ, ಚಾರ್ಮಾಡಿಯೂ ಮುಚ್ಚಿದರೆ ಸಂಪಾಜೆ ಇದೆ. ಅಲ್ಲಿ ಆ ‘ಇನ್ನೊಂದು’ ಇಲ್ಲ. ಮತ್ತು ರಸ್ತೆಯನ್ನು ಮುಚ್ಚುವುದು ಮಳೆಯಲ್ಲ, ಮನುಷ್ಯರು.

ಮೇಲಿನ ಶಿಯಾಗಳು ಕೆಳಕ್ಕೆ ಹೋಗಬೇಕಾದರೆ ಸುನ್ನಿ ಊರುಗಳ ಮೂಲಕವೇ ಹೋಗಬೇಕು. ಇಷ್ಟನ್ನು ಎಲ್ಲ ವರದಿಗಳೂ ಹೇಳುತ್ತವೆ. ಇದರ ಮಗ್ಗುಲನ್ನು ಕೆಲವೇ ವರದಿಗಳು ಹೇಳುತ್ತವೆ: ಬೋಶಹ್ರಾ, ತೇರಿ ಮಂಗಲ್‌ನಂಥ ಸುನ್ನಿ ಹಳ್ಳಿಗಳು ಇರುವುದು ಮೇಲ್ ಕುರ್ರಮ್‌ನಲ್ಲಿ, ಶಿಯಾ ಊರುಗಳ ನಡುವೆ. ಅವರಿಗೆ ಆಸ್ಪತ್ರೆ, ಪೇಟೆ, ಹೊರದಾರಿ ಎಲ್ಲವೂ ಪಾರಾಚಿನಾರ್ ದಾಟಿಯೇ. ಅಂದರೆ ಮುತ್ತಿಗೆಯೊಳಗೊಂದು ಮುತ್ತಿಗೆ. ಕೆಳಗೆ ಶಿಯಾ ಬಸ್ಸಿಗೆ ಕಲ್ಲು ಬಿದ್ದರೆ ಮೇಲೆ ಸುನ್ನಿ ಹಳ್ಳಿಯ ರೋಗಿ ಮನೆಯಲ್ಲೇ ಉಳಿಯುತ್ತಾನೆ.

2007ರ ಏಪ್ರಿಲಿನಲ್ಲಿ ಶುರುವಾದ ಕಾಳಗದಲ್ಲಿ ಈ ರಸ್ತೆ ಸುಮಾರು ನಾಲ್ಕು ವರ್ಷ ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಆಗ ಪಾರಾಚಿನಾರಿನ ಜನ ಪೆಶಾವರಕ್ಕೆ ಹೋಗುತ್ತಿದ್ದ ದಾರಿ ಕೇಳಿ: ಗಡಿ ದಾಟಿ ಅಫ್ಘಾನಿಸ್ತಾನದ ಪಕ್ತಿಯಾಕ್ಕೆ, ಅಲ್ಲಿಂದ ಕಾಬೂಲಿಗೆ, ಜಲಾಲಾಬಾದ್ ಮೂಲಕ ತೋರ್ಖಮ್ ಗಡಿಗೆ, ಅಲ್ಲಿ ಮತ್ತೆ ಪಾಕಿಸ್ತಾನದೊಳಕ್ಕೆ. ತಮ್ಮ ದೇಶದ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಲು ಯುದ್ಧ ನಡೆಯುತ್ತಿದ್ದ ಇನ್ನೊಂದು ದೇಶವನ್ನು ಸುತ್ತಿ ಬರುತ್ತಿದ್ದರು. ಕಾಲೇಜಿಗೆ ಸೇರುವ ಹುಡುಗರು, ಕೊಲ್ಲಿ ದೇಶಗಳ ಕೆಲಸಕ್ಕೆ ವಿಮಾನ ಹಿಡಿಯುವವರು ಎಲ್ಲರಿಗೂ ಇದೇ ದಾರಿ.

2024ರಲ್ಲಿ ಆ ಕಿಟಕಿಯೂ ಇರಲಿಲ್ಲ. ಅಕ್ಟೋಬರ್ 12ರಂದು ಕುಂಜ್ ಅಲಿಜೈ ಬಳಿ ವಾಹನಗಳ ಮೇಲೆ ದಾಳಿಯಾಗಿ ಹತ್ತಕ್ಕೂ ಹೆಚ್ಚು ಜನ ಸತ್ತ ಮೇಲೆ ರಸ್ತೆ ಬಂದಾಯಿತು. ಕೆಲವು ವಾರಗಳ ನಂತರ ಪೊಲೀಸ್ ಕಾವಲಿನಲ್ಲಿ ‘ಕಾನ್ವಾಯ್’ ಬಿಡತೊಡಗಿದರು. ನವೆಂಬರ್ 21ರಂದು ಗುಂಡಿಗೆ ಸಿಕ್ಕಿದ್ದು ಅಂಥದ್ದೇ ಕಾನ್ವಾಯ್. ಮತ್ತೆ ಎಲ್ಲವೂ ನಿಂತಿತು.

ರಸ್ತೆ ನಿಂತರೆ ಮೊದಲು ಕಾಣೆಯಾಗುವುದು ಪೆಟ್ರೋಲ್. ಕಾಳಸಂತೆಯಲ್ಲಿ ಲೀಟರಿಗೆ ಸಾವಿರ ರೂಪಾಯಿ ದಾಟಿತೆಂದು ಪಾಕಿಸ್ತಾನದ ಪತ್ರಿಕೆಗಳು ಬರೆದವು. ಆಗ ದೇಶದ ಉಳಿದ ಕಡೆ ಅದು 250 ರೂಪಾಯಿ ಆಸುಪಾಸಿನಲ್ಲಿತ್ತು. ಪೆಟ್ರೋಲ್ ಇಲ್ಲವೆಂದರೆ ಮೇಷ್ಟ್ರು ಶಾಲೆಗೆ ಬರುವುದಿಲ್ಲ, ಜನರೇಟರ್ ಓಡುವುದಿಲ್ಲ. ಆಮೇಲೆ ಹಿಟ್ಟು, ಸಕ್ಕರೆ, ಅಡುಗೆ ಎಣ್ಣೆ, ತರಕಾರಿ. ಔಷಧಿ ಅಂಗಡಿಯ ಬೀರು ಖಾಲಿಯಾಗುತ್ತದೆ. ಪಾರಾಚಿನಾರಿನ ಜಿಲ್ಲಾ ಆಸ್ಪತ್ರೆಯಲ್ಲಿ ಎಲ್ಲ ರೋಗಕ್ಕೂ ಚಿಕಿತ್ಸೆ ಇಲ್ಲ, ದೊಡ್ಡ ಕಾಯಿಲೆಯಾದರೆ ಪೆಶಾವರಕ್ಕೇ ಒಯ್ಯಬೇಕು. ಚಿಕಿತ್ಸೆ ಸಿಗದೆ ಮಕ್ಕಳು ಸತ್ತರೆಂದು ಸ್ಥಳೀಯರು ಮತ್ತು ಈಧಿ ಪ್ರತಿಷ್ಠಾನ ಎಂಬ ಸೇವಾಸಂಸ್ಥೆಯವರು ಹೇಳಿದರು. ಸಾವಿಗೆ ಔಷಧಿಯ ಕೊರತೆ ಕಾರಣವಲ್ಲ ಎಂದು ಪ್ರಾಂತ ಸರ್ಕಾರ ಹೇಳಿತು. ಡಿಸೆಂಬರಿನಲ್ಲಿ ಹೆಲಿಕಾಪ್ಟರುಗಳು ಔಷಧಿ ಹೊತ್ತು ಬಂದು ರೋಗಿಗಳನ್ನು ಕರೆದೊಯ್ದವು. ಹಿಮ ಬಿದ್ದ ಬೀದಿಯಲ್ಲಿ ಜನ ಧರಣಿ ಕೂತರು. ಅವರಿಗೆ ಬೆಂಬಲವಾಗಿ ಸಾವಿರ ಕಿಲೋಮೀಟರಿಗೂ ಆಚೆಯ ಕರಾಚಿಯ ರಸ್ತೆಗಳಲ್ಲೂ ಧರಣಿ ನಡೆಯಿತು.

ಈ ಕಣಿವೆಯ ಬಹಳಷ್ಟು ಮನೆಗಳು ನಡೆಯುವುದು ಕೊಲ್ಲಿಯಿಂದ ಬರುವ ದುಡ್ಡಿನಲ್ಲಿ. ಭಟ್ಕಳ, ಉಡುಪಿ ಕಡೆಯವರಿಗೆ ಆ ಬದುಕಿನ ಲೆಕ್ಕಾಚಾರ ಚೆನ್ನಾಗಿ ಗೊತ್ತು: ರಜೆ ಎರಡು ತಿಂಗಳು, ಅಷ್ಟರಲ್ಲಿ ತಂಗಿಯ ಮದುವೆ, ಮನೆಯ ಮಾಡು. ರಜೆಗೆ ಬಂದವನು ರಸ್ತೆ ಮುಚ್ಚಿ ಸಿಕ್ಕಿಬಿದ್ದರೆ ವೀಸಾದ ಅವಧಿ ಮುಗಿದುಹೋಗುತ್ತದೆ. ಅಲ್ಲಿಗೆ ಒಂದು ಮನೆಯ ವರಮಾನ ನಿಂತಂತೆ. ಸತ್ತವರ ಪಟ್ಟಿಯಲ್ಲಿ ಇಂಥ ನಷ್ಟ ಬರುವುದಿಲ್ಲ.

ಪೊಲೀಸರು, ಕೋರ್ಟು ಏನು ಮಾಡುತ್ತಿವೆ?

ಇವೆರಡೂ ಅಲ್ಲಿಗೆ ಹೊಸಬರು. ಬ್ರಿಟಿಷರು 1901ರಲ್ಲಿ ಮಾಡಿದ ಗಡಿ ಅಪರಾಧ ನಿಯಮಾವಳಿಯ ಪ್ರಕಾರ ಈ ಪ್ರದೇಶಗಳನ್ನು ‘ಪೊಲಿಟಿಕಲ್ ಏಜೆಂಟ್’ ಎಂಬ ಒಬ್ಬ ಅಧಿಕಾರಿ ಆಳುತ್ತಿದ್ದ. ವಕೀಲರಿಲ್ಲ, ಅಪೀಲಿಲ್ಲ. ಒಬ್ಬ ತಪ್ಪು ಮಾಡಿದರೆ ಇಡೀ ಬುಡಕಟ್ಟಿಗೆ ದಂಡ. ಸ್ವಾತಂತ್ರ್ಯ ಬಂದು 70 ವರ್ಷವಾದರೂ ಅದೇ ಪದ್ಧತಿ ಮುಂದುವರಿಯಿತು. 2018ರಲ್ಲಿ ಸಂವಿಧಾನದ 25ನೇ ತಿದ್ದುಪಡಿಯಿಂದ ಈ ಪ್ರದೇಶಗಳು ಖೈಬರ್ ಪಖ್ತೂನ್‌ಖ್ವಾ ಪ್ರಾಂತಕ್ಕೆ ಸೇರಿ, ಕುರ್ರಮ್ ಮಾಮೂಲಿ ಜಿಲ್ಲೆಯಾಯಿತು. ಹಳೆಯ ಅಧಿಕಾರಿ ಹೋದ, ಹೊಸ ವ್ಯವಸ್ಥೆ ಇನ್ನೂ ಬೇರು ಬಿಟ್ಟಿಲ್ಲ. ಭೂವಿವಾದಗಳು ಈ ಸಂದಿಯಲ್ಲಿ ಸಿಕ್ಕಿಕೊಂಡಿವೆ.

ಕಲ್ಲು ಇಡುವ ಶಾಂತಿ

ನಿಜವಾಗಿ ಜಗಳ ನಿಲ್ಲಿಸುವುದು ಈಗಲೂ ಜಿರ್ಗಾ, ಅಂದರೆ ಹಿರಿಯರ ಪಂಚಾಯಿತಿ. ಪಶ್ತೂನರಲ್ಲಿ ಕದನವಿರಾಮಕ್ಕೆ ‘ತೀಗಾ’ ಎನ್ನುತ್ತಾರೆ. ಆ ಪದದ ಅರ್ಥ ಕಲ್ಲು. ನಮ್ಮಲ್ಲಿ ಗಡಿ ಗುರುತಿಸಲು ಕಲ್ಲು ನೆಡುತ್ತಾರೆ, ಅಲ್ಲಿ ಜಗಳಕ್ಕೆ ತಡೆಯೊಡ್ಡಲು ಕಲ್ಲಿಡುತ್ತಾರೆ. ಆ ಕಲ್ಲು ಇರುವ ತನಕ ಯಾರೂ ಗುಂಡು ಹಾರಿಸುವಂತಿಲ್ಲ, ಹಾರಿಸಿದವರು ಭಾರಿ ದಂಡ ತೆರಬೇಕು. ಗಮನಿಸಬೇಕಾದ್ದು: ತೀಗಾ ಜಗಳವನ್ನು ತೀರಿಸುವುದಿಲ್ಲ, ಮುಂದಕ್ಕೆ ಹಾಕುತ್ತದೆ. ತೀರ್ಮಾನ ಬೇರೆ ಕೂಟದ ಕೆಲಸ.

2008ರಲ್ಲಿ ಮರ್ರೀ ಪಟ್ಟಣದಲ್ಲಿ ಎರಡೂ ಕಡೆಯವರು ಕೂತು ಒಪ್ಪಂದ ಮಾಡಿಕೊಂಡಿದ್ದರು. ಊರು ಬಿಟ್ಟವರು ಮರಳಬೇಕು, ರಸ್ತೆ ತೆರೆಯಬೇಕು ಎಂದಾಗಿತ್ತು. ರಸ್ತೆಗೆ 2011ರವರೆಗೆ ಕಾಯಬೇಕಾಯಿತು. 2024ರ ಕಾಳಗಗಳ ನಂತರ ಕೊಹಾಟ್‌ನಲ್ಲಿ ವಾರಗಟ್ಟಲೆ ಜಿರ್ಗಾ ಕೂತು 2025ರ ಜನವರಿ 1ರಂದು 14 ಅಂಶಗಳ ಕರಾರಿಗೆ ಸಹಿ ಬಿತ್ತು. ಭಾರಿ ಆಯುಧ ಒಪ್ಪಿಸಬೇಕು, ‘ಮೋರ್ಚಾ’ಗಳನ್ನು ಕೆಡವಬೇಕು. ನಮಗೆ ಮೋರ್ಚಾ ಎಂದರೆ ಪಕ್ಷದ ಯುವ ಘಟಕವೋ ರೈತ ಘಟಕವೋ ನೆನಪಾಗುತ್ತದೆ. ಅಲ್ಲಿ ಅದು ಎದುರಿನ ಹಳ್ಳಿಯತ್ತ ಬಂದೂಕು ಇಟ್ಟುಕೊಂಡು ಕೂರಲು ಗುಡ್ಡದ ಮೇಲೆ ಕಟ್ಟಿದ ಬಂಕರ್. ಅಂಥವು ಆಗ ಕಣಿವೆಯಲ್ಲಿ ನೂರಾರು ಇದ್ದವು.

ಸಹಿಯ ಶಾಯಿ ಆರುವ ಮುನ್ನ, ಜನವರಿ 4ರಂದು, ಮೊದಲ ಸಾಮಾನು ಲಾರಿಗಳಿಗೆ ದಾರಿ ಮಾಡಿಕೊಡಲು ಬಗನ್‌ಗೆ ಹೋದ ಜಿಲ್ಲಾಧಿಕಾರಿಯ ಮೇಲೇ ಗುಂಡು ಹಾರಿ ಅವರು ಗಾಯಗೊಂಡರು. 8ರಂದು ಲಾರಿಗಳು ಹೇಗೋ ಪಾರಾಚಿನಾರ್ ಮುಟ್ಟಿದವು. 16ರಂದು ಅದೇ ಬಗನ್ ಬಳಿ ಮತ್ತೊಂದು ಸಾಲಿನ ಲಾರಿಗಳು ಲೂಟಿಯಾಗಿ ಸುಟ್ಟವು. ಸುಟ್ಟ ಅಂಗಡಿಗಳಿಗೆ ಪರಿಹಾರ ಸಿಗುವ ತನಕ ರಸ್ತೆ ಬಿಡುವುದಿಲ್ಲ ಎಂದು ಬಗನ್‌ನವರು ಪಟ್ಟು ಹಿಡಿದಿದ್ದರು. ಅವರ ಕಡೆಯಿಂದ ನೋಡಿದರೆ ಕೈಯಲ್ಲಿ ಉಳಿದಿದ್ದ ಹಿಡಿತ ಆ ರಸ್ತೆಯೊಂದೇ.

ಮೋರ್ಚಾಗಳನ್ನು ಸ್ಫೋಟಕ ಇಟ್ಟು ಉರುಳಿಸುವ ಕೆಲಸ ಜನವರಿಯಲ್ಲೇ ಶುರುವಾಯಿತು. ಮಾರ್ಚ್ ಕೊನೆಯಲ್ಲಿ, ಈದ್ ಹಬ್ಬದ ಹೊಸ್ತಿಲಲ್ಲಿ, ಎರಡೂ ಕಡೆಯವರು ಎಂಟು ತಿಂಗಳ ಶಾಂತಿಗೆ ಒಪ್ಪಿದರು. ಬೆಂಗಳೂರಿನಲ್ಲಿ ಮನೆ ಬಾಡಿಗೆಯ ಕರಾರೇ 11 ತಿಂಗಳಿಗೆ ಆಗುತ್ತದೆ. ಆ ಕರಾರಿನ ನಂತರವೂ ಪಾರಾಚಿನಾರಿನಿಂದ ಹೊರಡುವವರು ತಮಗೆ ಬೇಕಾದ ದಿನ ಗಾಡಿ ಹತ್ತುವಂತಿರಲಿಲ್ಲ. ಕಾನ್ವಾಯ್ ಯಾವಾಗ ಬಿಡುತ್ತಾರೆ ಎಂದು ಕೇಳಿಕೊಂಡು, ಆ ದಿನಕ್ಕೆ ಗಂಟುಮೂಟೆ ಕಟ್ಟಿಟ್ಟು ಕಾಯಬೇಕಿತ್ತು.